ಮಗ ಹುಡುಗರ ಮೇಲೆ ಮನಸ್ಸು ಅಂದ: ಇದು ಅವನೇ ಆರಿಸಿಕೊಂಡಿದ್ದಾ?

ಪ್ರಶ್ನೆ: ಡಾಕ್ಟ್ರೇ, ನಾವು ಹಾಸನ ಜಿಲ್ಲೆಯವರು, ಜೈನರು. ಮಗನಿಗೆ 27 ವರ್ಷ, ಬೆಂಗಳೂರಿನಲ್ಲಿ ಕೆಲಸ. ಯುಗಾದಿಗೆ ಬಂದಾಗ ಒಂದು ಹುಡುಗಿಯ ಫೋಟೋ, ಜಾತಕ ತೋರಿಸಿದೆ. ಸಂಜೆ ಊಟ ಮುಗಿದು ನಾನು ಪಾತ್ರೆ ತೊಳೆಯುತ್ತಿದ್ದಾಗ ಹತ್ತಿರ ಬಂದು, "ಅಮ್ಮ, ನನಗೆ ಹುಡುಗಿಯರ ಮೇಲೆ ಮನಸ್ಸು ಬರಲ್ಲ, ಹುಡುಗರ ಮೇಲೇ ಬರೋದು. ಹೈಸ್ಕೂಲಿಂದಲೂ ಹಾಗೇ" ಅಂದ. ನಾನು ಏನೂ ಮಾತಾಡಲಿಲ್ಲ. ಬೆಳಿಗ್ಗೆ ಬಸ್ ಹತ್ತಿ ಹೋದ. ಅವರಪ್ಪನಿಗೆ ಇನ್ನೂ ಹೇಳಿಲ್ಲ. ನಮ್ಮಕ್ಕನಿಗೆ ಮಾತ್ರ ಹೇಳಿದೆ. "ಬೆಂಗಳೂರು ಸಹವಾಸ, ಮದುವೆ ಮಾಡಿದ್ರೆ ಸರಿಹೋಗುತ್ತೆ" ಅಂದಳು. ಮೊಬೈಲಿನಲ್ಲಿ ಹುಡುಕಿದರೆ ಒಬ್ಬರು ಎಲ್ಲ ಧರ್ಮದಲ್ಲೂ ಪಾಪ ಅಂತಾರೆ, ಇನ್ನೊಬ್ಬರು ನಮ್ಮ ದೇವಸ್ಥಾನದ ಗೋಡೆ ಮೇಲೇ ಇದೆ ಅಂತಾರೆ. ಇದು ಅವನಾಗಿ ಆರಿಸಿಕೊಂಡಿದ್ದಾ? ನಾವು ಬೆಳೆಸಿದ್ದರಲ್ಲಿ ತಪ್ಪಾಯಿತಾ? ಔಷಧಿ ಇದೆಯಾ? ನಮ್ಮ ಧರ್ಮ ಏನು ಹೇಳುತ್ತೆ?

ಉತ್ತರ: ಇಲ್ಲ, ತಾಯಿ. ಅವನು ಆರಿಸಿಕೊಂಡಿದ್ದಲ್ಲ. ನೀವು ಬೆಳೆಸಿದ್ದರಿಂದ ಬಂದಿದ್ದೂ ಅಲ್ಲ. ಔಷಧಿ ಇಲ್ಲ, ಯಾಕೆಂದರೆ ಇದು ಕಾಯಿಲೆ ಅಲ್ಲ. ಕಾಗದ ಓದುವಾಗ ನಿಮ್ಮ ಕೈ ನಡುಗುತ್ತಿರಬಹುದು ಅಂತ ಇಷ್ಟನ್ನು ಮೊದಲೇ ಹೇಳಿಬಿಟ್ಟೆ. ಇನ್ನು ನಿಧಾನವಾಗಿ ಮಾತಾಡೋಣ. ಧರ್ಮದ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದವಾಗುತ್ತದೆ. ನಾನೂ ಬಸದಿಯ ಪಕ್ಕದ ಮನೆಯಲ್ಲಿ ಬೆಳೆದವನು, ಹಾಗಾಗಿ ಅಲ್ಲಿ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ.

ಈ ವಿಷಯದಲ್ಲಿ ಜನ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟು ಕಟ್ಟುತ್ತಾರೆ. ಒಂದು ಸೆಳೆತ: ಯಾರನ್ನು ಕಂಡರೆ ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ ಅನ್ನೋದು. ಇನ್ನೊಂದು ನಡತೆ: ಆ ಸೆಳೆತ ಇಟ್ಟುಕೊಂಡು ಏನು ಮಾಡುತ್ತೇವೆ, ಏನು ಬಿಡುತ್ತೇವೆ ಅನ್ನೋದು. ಮತ್ತೊಂದು ಮಾತು: ಅದನ್ನು ಯಾರ ಹತ್ತಿರ, ಯಾವ ಹೆಸರಿಟ್ಟು ಹೇಳಿಕೊಳ್ಳುತ್ತೇವೆ ಅನ್ನೋದು. ನಡತೆಯಲ್ಲೂ ಮಾತಿನಲ್ಲೂ ಆಯ್ಕೆ ಇದೆ. ಸೆಳೆತದಲ್ಲಿ ಇಲ್ಲ. ನಿಮ್ಮ ಮಗ ಆ ಸಂಜೆ ಆರಿಸಿಕೊಂಡಿದ್ದು ಒಂದನ್ನೇ: ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನು ಅಮ್ಮನಿಗೆ ಹೇಳಬೇಕು ಅನ್ನೋದನ್ನು.

ಅವನು "ಹೈಸ್ಕೂಲಿಂದಲೂ" ಅಂದನಲ್ಲ, ಆ ಪದ ನೋಡಿ. ಬೆಂಗಳೂರಿಗೆ ಹೋಗುವ ಎಷ್ಟೋ ವರ್ಷ ಮೊದಲಿನ ಮಾತು ಅದು. ಆಗ ಅವನು ನಿಮ್ಮ ಮನೆಯಲ್ಲೇ, ನಿಮ್ಮ ಕೈಯಡುಗೆ ತಿಂದುಕೊಂಡು ಇದ್ದ. ನನ್ನ ಹತ್ತಿರ ಬರುವ ಹುಡುಗರೂ ಹುಡುಗಿಯರೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ. ಗೊತ್ತಾಗಿದ್ದು ಹನ್ನೆರಡು ಹದಿಮೂರಕ್ಕೆ, ಬಾಯಿಬಿಟ್ಟಿದ್ದು ಇಪ್ಪತ್ತೈದು ದಾಟಿದ ಮೇಲೆ. ನಡುವಿನ ವರ್ಷಗಳಲ್ಲಿ ಹರಕೆ ಹೊತ್ತಿರುತ್ತಾರೆ, ಉಪವಾಸ ಮಾಡಿರುತ್ತಾರೆ. ಯಾವುದೋ ಹುಡುಗಿಯನ್ನು ಪ್ರೀತಿಸುತ್ತಿದ್ದೇನೆ ಅಂತ ತಮಗೆ ತಾವೇ ನಂಬಿಸಿಕೊಳ್ಳಲು ನೋಡಿರುತ್ತಾರೆ. ಆರಿಸಿಕೊಳ್ಳುವ ಹಾಗಿದ್ದರೆ ಬೇರೆಯದನ್ನೇ ಆರಿಸಿಕೊಳ್ಳುತ್ತಿದ್ದರು. ಇಷ್ಟು ಕಷ್ಟದ ದಾರಿಯನ್ನು ಸುಮ್ನೆ ಯಾರು ಹಿಡಿಯುತ್ತಾರೆ?

ಬೆಳೆಸಿದ ರೀತಿಯ ಬಗ್ಗೆ ಒಂದು ನಿಜವಾದ ಕಥೆ ಇದೆ. 1965ರಲ್ಲಿ ಕೆನಡಾದಲ್ಲಿ ಅವಳಿ ಗಂಡುಮಕ್ಕಳು ಹುಟ್ಟಿದರು. ಒಂದು ಮಗುವಿಗೆ ಸುನ್ನತಿ ಮಾಡುವಾಗ ಅನಾಹುತವಾಗಿ ಶಿಶ್ನವೇ ಹಾಳಾಯಿತು. ಆಗಿನ ಹೆಸರಾಂತ ಮನೋವಿಜ್ಞಾನಿ ಜಾನ್ ಮನಿ, ಹೆಣ್ಣಾಗಿ ಬೆಳೆಸಿದರೆ ಹೆಣ್ಣೇ ಆಗುತ್ತದೆ ಅಂದರು. ಮಗುವಿಗೆ ಆಪರೇಷನ್ ಮಾಡಿ, ಹೆಣ್ಣಿನ ಹೆಸರಿಟ್ಟು, ಫ್ರಾಕ್ ತೊಡಿಸಿ, ಆಮೇಲೆ ಹಾರ್ಮೋನು ಕೂಡ ಕೊಟ್ಟರು. ಆಗಲಿಲ್ಲ. ಹದಿಹರೆಯದಲ್ಲಿ ನಿಜ ಗೊತ್ತಾದ ಮೇಲೆ ಆ ಹುಡುಗ ಡೇವಿಡ್ ರೀಮರ್ ಅನ್ನೋ ಹೆಸರಲ್ಲಿ ಗಂಡಾಗಿಯೇ ಬದುಕಿದ. ಅವನ ಮನಸ್ಸು ಹುಡುಗಿಯರ ಕಡೆಗೇ ಇತ್ತು, ಹುಡುಗಿಯನ್ನೇ ಮದುವೆಯಾದ. ಇಂಥ ಇನ್ನೂ ಕೆಲವು ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಅಲ್ಲೂ ಹೆಣ್ಣಾಗಿ ಬೆಳೆದವರ ಸೆಳೆತ ಹೆಚ್ಚಾಗಿ ಹೆಣ್ಣಿನ ಕಡೆಗೇ ಇತ್ತು. ಎಳೆತನದಿಂದಲೇ ಫ್ರಾಕ್ ಹಾಕಿ ಬೆಳೆಸಿದರೂ ಸೆಳೆತದ ದಿಕ್ಕು ಬದಲಾಗಲಿಲ್ಲ. ನೀವು ಅವನನ್ನು ಜಾಸ್ತಿ ಮುದ್ದು ಮಾಡಿದ್ದರೂ, ಅವರಪ್ಪ ಕೆಲಸದ ಮೇಲೆ ಊರೂರು ಸುತ್ತುತ್ತಿದ್ದರೂ, ಅಷ್ಟರಿಂದ ಬದಲಾಗುತ್ತದೆಯೇ?

ಹಾಗಾದರೆ ರಕ್ತದಲ್ಲೇ ಬಂದಿದ್ದಾ ಅಂತ ಕೇಳುತ್ತೀರಿ. ಪೂರ್ತಿ ಹಾಗೂ ಅಲ್ಲ. 2019ರಲ್ಲಿ ಸುಮಾರು ನಾಲ್ಕೂಮುಕ್ಕಾಲು ಲಕ್ಷ ಜನರ ವಂಶವಾಹಿಗಳನ್ನು ನೋಡಿದ ದೊಡ್ಡ ಅಧ್ಯಯನ ಬಂತು. ಇದಕ್ಕೆ ಅಂತ ಒಂದೇ ಒಂದು ಜೀನ್ ಇಲ್ಲ, ತುಂಬಾ ಜೀನ್‌ಗಳು ಚೂರುಚೂರು ಪ್ರಭಾವ ಬೀರುತ್ತವೆ ಅಂತ ಅದು ತೋರಿಸಿತು. ಒಂದೇ ರೂಪದ ಅವಳಿಗಳಲ್ಲಿ ಒಬ್ಬರಿಗೆ ಸಲಿಂಗ ಸೆಳೆತ ಇದ್ದು ಇನ್ನೊಬ್ಬರಿಗೆ ಇಲ್ಲದಿರುವುದು ಎಷ್ಟೋ ಸಲ ಇದೆ. ಕೆಲವರು ಇದನ್ನೇ ಹಿಡಿದುಕೊಂಡು, ಜೀನ್ ಇಲ್ಲ ಅಂದಮೇಲೆ ಆಯ್ಕೆಯೇ ಅಂದುಬಿಡುತ್ತಾರೆ. ಇದು ತಪ್ಪು ಲೆಕ್ಕ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತುತ್ತೀರಲ್ಲ, ಆ ಗೆರೆಗಳು ಒಂದೇ ರೂಪದ ಅವಳಿಗಳಲ್ಲೂ ಬೇರೆ ಬೇರೆ ಇರುತ್ತವೆ. ಗರ್ಭದೊಳಗಿನ ಸಣ್ಣಪುಟ್ಟ ವ್ಯತ್ಯಾಸಗಳೂ ಸೇರಿ ಆಗುವ ಗೆರೆ ಅದು. ಪೂರ್ತಿ ಜೀನಿನದೂ ಅಲ್ಲ, ಯಾರೂ ಆರಿಸಿಕೊಂಡಿದ್ದೂ ಅಲ್ಲ. ಸೆಳೆತವೂ ಹೆಚ್ಚುಕಡಿಮೆ ಇದೇ ಜಾತಿಯದು. ಅಣ್ಣಂದಿರು ಜಾಸ್ತಿ ಇದ್ದಷ್ಟೂ ತಮ್ಮನಿಗೆ ಸಲಿಂಗ ಸೆಳೆತ ಇರುವ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ ಅನ್ನೋದು ಹಲವು ದೇಶಗಳಲ್ಲಿ ಕಂಡಿದೆ. ತಾಯಿಯ ಹೊಟ್ಟೆಯಲ್ಲೇ ಏನೋ ನಡೆಯುತ್ತದೆ ಅನ್ನೋದಕ್ಕೆ ಅದೊಂದು ಸುಳಿವು. ಇದನ್ನು ಓದಿ "ಹಾಗಾದರೆ ತಪ್ಪು ನನ್ನ ಹೊಟ್ಟೆಯದೇ" ಅಂತ ಅಳಬೇಡಿ. ತಪ್ಪು ಅನ್ನೋ ಪದಕ್ಕೆ ಇಲ್ಲಿ ಕೆಲಸ ಇಲ್ಲ.

ಇನ್ನೊಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಕೆಲವರಿಗೆ, ಅದರಲ್ಲೂ ಹೆಂಗಸರಲ್ಲಿ ಸ್ವಲ್ಪ ಹೆಚ್ಚಾಗಿ, ಸೆಳೆತದ ದಿಕ್ಕು ವಯಸ್ಸಿನ ಜೊತೆ ತಾನಾಗಿ ಹೊರಳುವುದುಂಟು. ಇಬ್ಬರ ಕಡೆಗೂ ಸೆಳೆತ ಇರುವವರೂ ಇದ್ದಾರೆ. ಆದರೆ ತಾನಾಗಿ ಹೊರಳುವುದು ಬೇರೆ, ಬೇಕು ಅಂತ ಹೊರಳಿಸುವುದು ಬೇರೆ. ಹೊಳೆ ಪಾತ್ರ ಬದಲಿಸುತ್ತದೆ ಅಂತ ನಾವು ಕೈಯಲ್ಲಿ ತಳ್ಳಿ ಬದಲಿಸೋಕಾಗುತ್ತದಾ?

ಔಷಧಿಯ ವಿಷಯ. ನನ್ನ ಕ್ಲಿನಿಕ್ಕಿಗೆ ತಂದೆತಾಯಿ ಬರುವಾಗ ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಕವರ್ ಜೊತೆಗೆ ಬರುತ್ತದೆ. ಒಳಗೆ ಥೈರಾಯ್ಡ್ ರಿಪೋರ್ಟ್, ಟೆಸ್ಟೋಸ್ಟಿರೋನ್ ರಿಪೋರ್ಟ್, ಒಮ್ಮೊಮ್ಮೆ ತಲೆಯ ಸ್ಕ್ಯಾನ್ ಕೂಡ. "ಎಲ್ಲಾ ನಾರ್ಮಲ್ ಅಂತ ಬಂದಿದೆ ಸಾರ್, ಮತ್ಯಾಕೆ ಹಿಂಗೆ?" ಅಂತ ಅಪ್ಪ ಕೇಳುತ್ತಾರೆ. ಉತ್ತರ ಅವರ ಬಾಯಲ್ಲೇ ಇದೆ: ಎಲ್ಲಾ ನಾರ್ಮಲ್. ಹಿಂದಿನ ಕಾಲದಲ್ಲಿ ಡಾಕ್ಟರುಗಳು ಇಂಥವರಿಗೆ ಗಂಡಸಿನ ಹಾರ್ಮೋನ್ ಇಂಜೆಕ್ಷನ್ ಕೊಟ್ಟು ನೋಡಿದ್ದರು. ಆಸೆ ಜಾಸ್ತಿಯಾಯಿತು, ದಿಕ್ಕು ಅದೇ ಉಳಿಯಿತು. ಕರೆಂಟ್ ಶಾಕ್ ಕೊಟ್ಟರು, ವಾಂತಿ ಬರಿಸುವ ಔಷಧಿ ಕೊಟ್ಟರು. 1980ರ ದಶಕದವರೆಗೂ ನಮ್ಮ ದೇಶದ ಮನೋವೈದ್ಯರೂ ಇಂಥದ್ದನ್ನು ಮಾಡಿ ಹೆಮ್ಮೆಯಿಂದ ಬರೆದುಕೊಂಡಿದ್ದಾರೆ. ನನ್ನ ವೃತ್ತಿಯ ಬಗ್ಗೆ ನನಗೆ ನಾಚಿಕೆ ಆಗುವ ಜಾಗ ಇದು.

ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. ಅದಕ್ಕೆ ಓಡಾಡಿದವರಲ್ಲಿ ಮುಖ್ಯರು ರಾಬರ್ಟ್ ಸ್ಪಿಟ್ಜರ್. ವಿಚಿತ್ರ ಏನೆಂದರೆ ಇದೇ ಸ್ಪಿಟ್ಜರ್ 2003ರಲ್ಲಿ, 200 ಜನರ ಜೊತೆ ಫೋನಿನಲ್ಲಿ ಮಾತಾಡಿ, ಮನಸ್ಸು ಗಟ್ಟಿಯಿದ್ದ ಕೆಲವರು ಬದಲಾಗಿದ್ದಾರೆ ಅಂತ ಪ್ರಬಂಧ ಪ್ರಕಟಿಸಿದರು. ಬದಲಾಯಿಸುತ್ತೇವೆ ಅಂತ ಅಂಗಡಿ ತೆರೆದವರಿಗೆಲ್ಲ ಅದು ಹಬ್ಬ ಆಯಿತು. ಒಂಬತ್ತು ವರ್ಷ ಆದಮೇಲೆ, 2012ರಲ್ಲಿ, ಪಾರ್ಕಿನ್ಸನ್ ಕಾಯಿಲೆಯಿಂದ ನರಳುತ್ತಿದ್ದ ಆ ಮುದುಕರು ತಪ್ಪು ಒಪ್ಪಿಕೊಂಡರು. ಆ ಜನ ಹೇಳಿದ್ದು ನಿಜವೋ, ತಮಗೆ ತಾವೇ ಹೇಳಿಕೊಂಡ ಸಮಾಧಾನವೋ ಅಂತ ತಿಳಿಯಲು ದಾರಿಯೇ ಇರಲಿಲ್ಲ ಅಂದರು, ಕ್ಷಮೆ ಕೇಳಿದರು. ಮರುವರ್ಷ, ಪ್ರಾರ್ಥನೆಯಿಂದ ಸೆಳೆತ ಬದಲಾಗುತ್ತದೆ ಅಂತ ದಶಕಗಳ ಕಾಲ ಹೇಳಿಕೊಂಡು ಬಂದಿದ್ದ ಎಕ್ಸೋಡಸ್ ಇಂಟರ್‌ನ್ಯಾಷನಲ್ ಅನ್ನೋ ಕ್ರೈಸ್ತ ಸಂಸ್ಥೆ ಕೂಡ ಕ್ಷಮೆ ಕೇಳಿ ಬಾಗಿಲು ಹಾಕಿತು.

ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ಪಟ್ಟಿಯಿಂದ ತೆಗೆದಿದೆ. ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಇದು ಕಾಯಿಲೆ ಅಲ್ಲ ಅಂತ ಸ್ಪಷ್ಟವಾಗಿ ಹೇಳಿತು. 2021ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರ ಮುಂದೆ ಇಬ್ಬರು ಹುಡುಗಿಯರ ಕೇಸು ಬಂತು. ತಮಗೆ ಈ ವಿಷಯ ಸರಿಯಾಗಿ ಗೊತ್ತಿಲ್ಲ ಅಂತ ಅವರೇ ಒಪ್ಪಿಕೊಂಡು, ಮನಶ್ಶಾಸ್ತ್ರಜ್ಞರ ಎದುರು ಕೂತು ಪಾಠ ಹೇಳಿಸಿಕೊಂಡು, ಆಮೇಲೆ ತೀರ್ಪು ಬರೆದರು. ಹೈಕೋರ್ಟ್ ಜಡ್ಜೇ ಕಲಿಯೋಕೆ ಕೂತರು ಅಂದಮೇಲೆ ನಿಮಗೆ ಗೊತ್ತಿಲ್ಲದ್ದರಲ್ಲಿ ಅವಮಾನ ಏನೂ ಇಲ್ಲ. ಅದೇ ತೀರ್ಪಿನ ಬೆನ್ನಲ್ಲೇ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಸೆಳೆತ ಬದಲಾಯಿಸುತ್ತೇನೆ ಅಂತ ಚಿಕಿತ್ಸೆ ಕೊಡುವುದು ವೃತ್ತಿಯ ದುರ್ನಡತೆ ಅಂತ ಸಾರಿತು. ಯಾರಾದರೂ ಇಷ್ಟು ಸಿಟ್ಟಿಂಗ್, ಇಷ್ಟು ದುಡ್ಡು ಅಂದರೆ ಅಲ್ಲಿಂದ ಎದ್ದು ಬನ್ನಿ.

ಈಗ ನಿಮ್ಮಕ್ಕನ ಮಾತು. ಮದುವೆ ಮಾಡಿದರೆ ಸರಿಹೋಗುತ್ತೆ. ತಾಯಿ, ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತೇನೆ. ಹೀಗೆ "ಸರಿಹೋಗಲಿ" ಅಂತ ಮಾಡಿದ ಮದುವೆಗಳ ಇನ್ನೊಂದು ತುದಿ ನನ್ನ ಮುಂದಿನ ಕುರ್ಚಿಯಲ್ಲಿ ಕೂತಿರುತ್ತದೆ. ಮದುವೆಯಾಗಿ ನಾಲ್ಕು ವರ್ಷ, ಗಂಡ ಒಳ್ಳೆಯವನು, ಬೈಯಲ್ಲ, ಹೊಡೆಯಲ್ಲ. ಆದರೆ ರಾತ್ರಿಯಾದರೆ ಲ್ಯಾಪ್‌ಟಾಪ್ ತೆಗೆದುಕೊಂಡು ಹಾಲಿಗೆ ಹೋಗುತ್ತಾನೆ. ಅವಳು ತೂಕ ಇಳಿಸಿದ್ದಾಳೆ, ಕೂದಲು ಕತ್ತರಿಸಿಕೊಂಡಿದ್ದಾಳೆ, ಹೊಸ ನೈಟಿ ತಂದಿದ್ದಾಳೆ. ಅತ್ತೆ "ಇನ್ನೂ ವಿಶೇಷ ಏನೂ ಇಲ್ವಾ?" ಅಂತ ತಿಂಗಳು ತಿಂಗಳು ಕೇಳುತ್ತಾರೆ. ಕೊನೆಗೆ ಅವಳು ನನ್ನನ್ನು ಕೇಳುವ ಪ್ರಶ್ನೆ: "ನನ್ನಲ್ಲಿ ಏನು ಕಮ್ಮಿ ಇದೆ ಡಾಕ್ಟರ್?" ಆಕೆಯೂ ಯಾರದೋ ಮನೆ ಮಗಳು. ಪಾಪದ ಲೆಕ್ಕ ಹಾಕಲೇಬೇಕು ಅಂದರೆ ನಾನು ಅದನ್ನು ಗೊತ್ತಿದ್ದೂ ಗೊತ್ತಿದ್ದೂ ಈ ಮದುವೆ ಮಾಡಿದವರ ಹೆಸರಿನಲ್ಲಿ ಬರೆಯುತ್ತೇನೆ.

ಇನ್ನು ಧರ್ಮ. ನೀವು ಶ್ರವಣಬೆಳಗೊಳದ ಸೀಮೆಯವರು. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಿಗಾಗಿ ಗುರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಬರೆದ ಗೊಮ್ಮಟಸಾರದ ಹೆಸರು ಕೇಳಿಯೇ ಇರುತ್ತೀರಿ. ಸಾವಿರ ವರ್ಷ ಹಳೆಯದು. ಪ್ರಾಕೃತದಲ್ಲಿದೆ, ಕೇಶವವರ್ಣಿ ಕನ್ನಡದಲ್ಲಿ ವ್ಯಾಖ್ಯಾನ ಬರೆದಿದ್ದಾನೆ. ಅದರ ಜೀವಕಾಂಡದಲ್ಲಿ "ವೇದ" ಅನ್ನೋ ಭಾಗ ಬರುತ್ತದೆ. ಋಗ್ವೇದದ ವೇದ ಅಲ್ಲ ಇದು. ಕಾಮದ ಒಲವಿಗೆ ಜೈನ ಶಾಸ್ತ್ರ ಇಟ್ಟ ಹೆಸರು. ಹೆಣ್ಣನ್ನು ಬಯಸುವುದು ಪುಂವೇದ, ಗಂಡನ್ನು ಬಯಸುವುದು ಸ್ತ್ರೀವೇದ, ಇಬ್ಬರನ್ನೂ ಬಯಸುವುದು ನಪುಂಸಕವೇದ. ಮೈ ಗಂಡೋ ಹೆಣ್ಣೋ ಆಗುವುದು ನಾಮಕರ್ಮದಿಂದ, ಅದು ದ್ರವ್ಯ. ಒಲವು ಬರುವುದು ಮೋಹನೀಯ ಕರ್ಮದಿಂದ, ಅದು ಭಾವ. ಇವೆರಡೂ ಒಂದಕ್ಕೊಂದು ಹೊಂದುತ್ತವೆಯಾ? ಗಾಹೆ, ಅಂದರೆ ಅಲ್ಲಿನ ಪ್ರಾಕೃತ ಪದ್ಯ, ಹೇಳುತ್ತದೆ: "ಪಾಏಣ ಸಮಾ ಕಹಿಂ ವಿಸಮಾ". ಸಾಮಾನ್ಯವಾಗಿ ಒಂದೇ ಥರ ಇರುತ್ತವೆ, ಕೆಲವರಲ್ಲಿ ಬೇರೆ ಬೇರೆ.

ಮೊದಲ ಸಲ ಇದನ್ನು ಅರ್ಥ ಮಾಡಿಕೊಂಡಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಿಮ್ಮ ಮಗ ಪಾತ್ರೆ ತೊಳೆಯುವ ಜಾಗದಲ್ಲಿ ನಿಂತು ಹೇಳಿದ್ದು ಇದನ್ನೇ ಅಲ್ವಾ? ಮೈಯ ಲೆಕ್ಕ ಒಂದು, ಮನಸ್ಸಿನ ಲೆಕ್ಕ ಒಂದು.

ಮುಂದೆ ಮೂರು ವೇದಗಳಿಗೂ ಉಪಮೆ ಕೊಡುತ್ತಾರೆ. ಹುಲ್ಲಿನ ಬೆಂಕಿ, ಬೆರಣಿಯ ಬೆಂಕಿ, ಇಟ್ಟಿಗೆ ಗೂಡಿನ ಬೆಂಕಿ. ಒಂದು ಭಗ್ಗನೆ ಉರಿದು ಆರುತ್ತದೆ, ಒಂದು ಒಳಗೊಳಗೇ ಕೆಂಡವಾಗಿರುತ್ತದೆ. ಆದರೆ ಮೂರೂ ಬೆಂಕಿಯೇ. ಗಂಡ ಹೆಂಡತಿಯನ್ನು ಬಯಸುವುದೂ ಬೆಂಕಿಯೇ. ಯಾವುದಕ್ಕೂ ಸರ್ಟಿಫಿಕೇಟ್ ಇಲ್ಲ. ಇನ್ನೂ ಒಂದು ಸ್ವಾರಸ್ಯ ಇದೆ. ಈ ಮೂರು ವೇದಗಳು ಒಂಬತ್ತು ನೋಕಷಾಯಗಳ, ಅಂದರೆ ಮನಸ್ಸಿನ ಚಿಕ್ಕ ವಿಕಾರಗಳ, ಪಟ್ಟಿಯಲ್ಲಿ ಬರುತ್ತವೆ. ಉಳಿದ ಆರು: ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ. ನಿಮ್ಮ ಮಗನ ಒಲವು ಯಾವ ಪಟ್ಟಿಯಲ್ಲಿದೆಯೋ, ಅದನ್ನು ಕೇಳಿ ನೆಂಟರು ಪಡುವ ಅಸಹ್ಯವೂ ಅದೇ ಪಟ್ಟಿಯಲ್ಲಿದೆ. ನಿಮಗೆ ಈಗ ಆಗುತ್ತಿರುವ ಭಯ, ಶೋಕವೂ ಅಲ್ಲೇ ಇವೆ.

ಇಂಥವರಿಗೆ ಮೋಕ್ಷ ಇದೆಯಾ? ನಮ್ಮ ನಾಡಿನವರೇ ಆದ ಜೈನ ಆಚಾರ್ಯ ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿ ಅನ್ನೋ ಗ್ರಂಥದ ಕೊನೆಯ ಅಧ್ಯಾಯದಲ್ಲಿ, ಭಾವದ ಲೆಕ್ಕದಲ್ಲಿ ಮೂರೂ ವೇದದವರಿಗೆ ಸಿದ್ಧಿ ಉಂಟು ಅಂತಾರೆ. ಗುಣಸ್ಥಾನ ಅನ್ನೋ ಆತ್ಮದ ಮೆಟ್ಟಿಲುಗಳಲ್ಲಿ ಮೇಲೆ ಹತ್ತುವಾಗ ವೇದ ತಾನಾಗಿ ಕಳಚುತ್ತದೆ, ಯಾವ ವೇದವಾದರೂ ಸರಿ. ಮೈ ಮಾತ್ರ ಗಂಡಿನದೇ ಆಗಿರಬೇಕು ಅಂತ ಅಲ್ಲೇ ಸೇರಿಸುತ್ತಾರೆ. ಅದರ ಬಗ್ಗೆ ನನ್ನ ಜಗಳ ಬೇರೆ ಇದೆ, ಇನ್ನೊಂದು ದಿನಕ್ಕಿರಲಿ.

ಹಾಗಂತ ನಿಮಗೆ ಸುಳ್ಳು ಸಮಾಧಾನ ಹೇಳುವುದಿಲ್ಲ. ಇಬ್ಬರು ಗಂಡಸರ ಸಂಸಾರಕ್ಕೆ ಶ್ರಾವಕಾಚಾರದಲ್ಲಿ, ಅಂದರೆ ಜೈನ ಗೃಹಸ್ಥರ ನಿಯಮಗಳಲ್ಲಿ, ಜಾಗ ಇಲ್ಲ. ಅಲ್ಲಿರುವುದು ಬ್ರಹ್ಮಚರ್ಯಾಣುವ್ರತ, ಕೈಹಿಡಿದ ಹೆಂಡತಿಯಲ್ಲಿ ತೃಪ್ತಿ. ಮುನಿಗಳನ್ನು ಕೇಳಿದರೆ ಬ್ರಹ್ಮಚರ್ಯ ಪಾಲಿಸಲಿ ಅಂದಾರು. ಅದನ್ನು ಪಾಲಿಸಬೇಕೋ, ಒಬ್ಬ ಸಂಗಾತಿಯ ಜೊತೆ ನಿಷ್ಠೆಯಿಂದ ಬದುಕಬೇಕೋ ಅನ್ನೋದು ಅವನ ತೀರ್ಮಾನ. ಅಲ್ಲಿ ಆಯ್ಕೆ ಇದೆ. ಆದರೆ ಒಲವು ಅವನು ಬೇಕಂತ ತಂದುಕೊಂಡ ದುರಭ್ಯಾಸ ಅಂತ ಶಾಸ್ತ್ರ ಎಲ್ಲೂ ಹೇಳಿಲ್ಲ. "ನಮ್ಮ ಧರ್ಮದಲ್ಲಿ ಇಂಥದ್ದು ಇಲ್ಲವೇ ಇಲ್ಲ" ಅಂತ ಯಾರಾದರೂ ಅಂದರೆ, ಅವರು ಜೀವಕಾಂಡ ತೆರೆದಿಲ್ಲ ಅಂತಲೇ ಅರ್ಥ.

ಎಲ್ಲ ಧರ್ಮದಲ್ಲೂ ಪಾಪ ಅಂತಾರೆ ಅಂದಿರಲ್ಲ, ಬೇರೆ ಧರ್ಮಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಮನುಸ್ಮೃತಿಯ ಒಂದು ಶ್ಲೋಕ ಗಂಡು ಗಂಡಿನ ಕೂಟಕ್ಕೆ ಹೇಳುವ ಪ್ರಾಯಶ್ಚಿತ್ತ ಬಟ್ಟೆ ಸಮೇತ ಸ್ನಾನ. ಅದೇ ಶ್ಲೋಕದಲ್ಲಿ ಹಗಲು ಹೊತ್ತು ಹೆಣ್ಣನ್ನು ಕೂಡಿದವನಿಗೂ ಅದೇ ಸ್ನಾನ. ಸುಶ್ರುತ ಸಂಹಿತೆ ಆಸೇಕ್ಯ, ಕುಂಭೀಕ ಅಂತ ಬೇರೆ ಒಲವಿನ ಗಂಡಸರನ್ನು ವಿಂಗಡಿಸುತ್ತದೆ. ಆಸೇಕ್ಯ ಹುಟ್ಟುವುದು ತಂದೆತಾಯಿಯ ಬೀಜ ಕಮ್ಮಿಯಾಗಿದ್ದರಿಂದ ಅನ್ನುತ್ತದೆ. ಆ ಕಾರಣ ಇವತ್ತು ಒಪ್ಪುವಂಥದ್ದಲ್ಲ, ಆದರೆ ಹುಟ್ಟಿನಿಂದ ಬಂದಿದ್ದು ಅಂತ ಆಗಲೇ ಅಂದುಕೊಂಡಿದ್ದರು. ದೇವಸ್ಥಾನದ ಗೋಡೆಯ ವಾದ ನನಗೆ ಅಷ್ಟು ಇಷ್ಟ ಇಲ್ಲ. ಗೋಡೆ ಮೇಲೆ ಯುದ್ಧವೂ ಇದೆ, ಬೇಟೆಯೂ ಇದೆ. ಕೆತ್ತಿದ್ದೆಲ್ಲ ಒಪ್ಪಿಗೆ ಅಲ್ಲ.

ಬೈಬಲಿನ ಯಾಜಕಕಾಂಡ ಗಂಡು ಗಂಡಿನ ಕೂಟವನ್ನು ನಿಷೇಧಿಸುತ್ತದೆ. ಕ್ಯಾಥೊಲಿಕ್ ಚರ್ಚಿನ ಧರ್ಮೋಪದೇಶದ 1992ರ ಆವೃತ್ತಿಯಲ್ಲಿ, ಇವರು ಈ ಸ್ಥಿತಿಯನ್ನು ಆರಿಸಿಕೊಂಡವರಲ್ಲ ಅನ್ನೋ ಸಾಲೇ ಇತ್ತು. 1997ರ ತಿದ್ದುಪಡಿಯಲ್ಲಿ ಆ ಸಾಲು ಹೋಯಿತು, ಗೌರವ ಕರುಣೆಯಿಂದ ಕಾಣಬೇಕು ಅನ್ನೋದು ಉಳಿಯಿತು. ನೋಡಿ, ನೀವು ಕೇಳಿದ ಪ್ರಶ್ನೆಗೇ ರೋಮ್ ಕೂಡ ಐದು ವರ್ಷ ತಿಣುಕಾಡಿದೆ. ಕೃತ್ಯ ಪಾಪ, ಒಲವು ತಾನೇ ಪಾಪ ಅಲ್ಲ ಅನ್ನೋದು ಅವರ ನಿಲುವು. ಇಸ್ಲಾಮಿನಲ್ಲಿ ಲೂತ್ ಪ್ರವಾದಿಯ ಕಥೆಯ ಆಧಾರದ ಮೇಲೆ ಕೃತ್ಯ ಹರಾಮ್. ಆದರೆ 13ನೇ ಶತಮಾನದ ವಿದ್ವಾಂಸ ಇಮಾಮ್ ನವವೀ ಹೆಣ್ಣಿಗ ನಡೆನುಡಿಯ ಗಂಡಸರ ಬಗ್ಗೆ ಬರೆಯುವಾಗ, ಹುಟ್ಟಿನಿಂದ ಹಾಗಿರುವವನ ಮೇಲೆ ದೋಷ ಇಲ್ಲ, ಬೇಕಂತ ನಟಿಸುವವನ ಮೇಲೆ ಇದೆ ಅಂತ ಭೇದ ಮಾಡಿದ್ದಾರೆ. ಅವರು ಮಾತಾಡಿದ್ದು ನಡೆನುಡಿಯ ಬಗ್ಗೆ, ಸೆಳೆತದ ಬಗ್ಗೆ ಅಲ್ಲ. ಆದರೂ ಆರಿಸಿಕೊಂಡಿದ್ದಕ್ಕೂ ಹುಟ್ಟಿನಿಂದ ಬಂದಿದ್ದಕ್ಕೂ ಅವರಿಗೆ ವ್ಯತ್ಯಾಸ ಕಂಡಿತ್ತು.

ಕಾನೂನಿನ ಭಯ ಬೇಡ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ವಯಸ್ಕರಿಬ್ಬರು ಒಪ್ಪಿ ನಡೆಸುವ ಸಂಬಂಧ ಅಪರಾಧ ಅಲ್ಲ ಅಂದಿದೆ. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಇಂದು ಮಲ್ಹೋತ್ರಾ, ಇತಿಹಾಸ ಈ ಜನರ ಹತ್ತಿರವಷ್ಟೇ ಅಲ್ಲ, ಇವರ ಮನೆಯವರ ಹತ್ತಿರವೂ ಕ್ಷಮೆ ಕೇಳಬೇಕು ಅಂತ ಬರೆದರು. ಮನೆಯವರು ಅಂದರೆ ನೀವೇ. ಮದುವೆಯ ಹಕ್ಕು ಮಾತ್ರ ಇನ್ನೂ ಇಲ್ಲ. 2023ರಲ್ಲಿ ಕೋರ್ಟ್ ಅದನ್ನು ಶಾಸನ ಸಭೆಗೆ ಬಿಟ್ಟಿತು.

ಇನ್ನು ನೀವು ಏನು ಮಾಡಬೇಕು? ಅವನಿಗೆ ಫೋನ್ ಮಾಡಿ. ಯುಗಾದಿಯಿಂದ ಅವನು ನಿಮ್ಮ ಮೌನವನ್ನೇ ಉತ್ತರ ಅಂದುಕೊಂಡಿರುತ್ತಾನೆ. ದೊಡ್ಡ ಮಾತು ಬೇಡ. "ನೀನು ಹೇಳಿದ್ದು ಕೇಳಿಸಿಕೊಂಡೆ ಕಣೋ. ನನಗೆ ಇನ್ನೂ ಪೂರ್ತಿ ಅರ್ಥ ಆಗಿಲ್ಲ, ಸ್ವಲ್ಪ ಟೈಮ್ ಕೊಡು" ಅನ್ನಿ. ಅಷ್ಟು ಸಾಕು. ರಾತ್ರಿ ನಿದ್ದೆ ಬರುತ್ತಿದೆಯಾ ಅಂತ ಕೇಳಿ. ಬದುಕೇ ಬೇಡ ಅನ್ನೋ ಥರದ ಮಾತು ಬಂದರೆ ತಡ ಮಾಡದೆ ಬೆಂಗಳೂರಿಗೆ ಹೋಗಿ ಜೊತೆಯಲ್ಲಿರಿ, ಒಳ್ಳೆಯ ಮನೋವೈದ್ಯರನ್ನು ಕಾಣಿ. ಸೆಳೆತಕ್ಕಲ್ಲ, ಆ ನೋವಿಗೆ. ಅವರಪ್ಪನಿಗೆ ಹೇಳುವುದನ್ನು ಅವನನ್ನು ಕೇಳಿಯೇ ಹೇಳಿ. ಅವನೇ ಹೇಳುತ್ತೇನೆ ಅಂದರೆ ಕಾಯಿರಿ. ನಿಮ್ಮಕ್ಕನಿಗೆ ಇಷ್ಟು ಹೇಳಿ, ಇದು ಇಲ್ಲಿಗೇ ಇರಲಿ ಅಂತ. ಅವನನ್ನು ಕೇಳದೆ ಹೇಳಿದ್ದು ನಿಮ್ಮ ತಪ್ಪೇ, ಆದರೆ ಯಾರ ಹತ್ತಿರವಾದರೂ ಹೇಳಿಕೊಳ್ಳದೆ ನಿಮಗೂ ಆಗುತ್ತಿರಲಿಲ್ಲ. ಅದನ್ನೂ ಅವನಿಗೆ ಹೇಳಿಬಿಡಿ.

ಮತ್ತೆ ಆ ಫೋಟೋ, ಜಾತಕ. ಆ ಹುಡುಗಿಯ ಮನೆಯವರು ಕಾಯುತ್ತಿರುತ್ತಾರೆ. ಈ ವಾರವೇ ವಾಪಸ್ ಕಳಿಸಿ.